ಕಾಫಿ ಸೀಮೆಯಲ್ಲಿ ಹೊಸ ಉದ್ಯಮ: ಯಾವ ಬಾಗಿಲು ಮೊದಲು ತಟ್ಟಬೇಕು?

ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರು ಒಂದು ಕಾಲದಲ್ಲಿ ತಮ್ಮದೇ ತೋಟದ ಕಾಫಿಯನ್ನು ಬೇಕಾದವರಿಗೆ ಮಾರುವಂತಿರಲಿಲ್ಲ. ಬೆಳೆದದ್ದು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ ಹೋಗಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. 1992ರಿಂದ ಈ ನಿಯಮ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. 1996ರಲ್ಲಿ ಪೂರ್ತಿ ಹೋಯಿತು. ಅದೇ ವರ್ಷ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಇವತ್ತು ಮಲೆನಾಡಿನ ಎಷ್ಟೋ ಸಣ್ಣ ತೋಟಗಳು ತಮ್ಮದೇ ಹೆಸರಿನ ಪುಡಿ ಮಾರುತ್ತಿರುವುದಕ್ಕೂ ಬೇರು ಅಲ್ಲೇ ಇದೆ.

ಸರ್ಕಾರ ಉದ್ಯಮ ಬೆಳೆಸುತ್ತದೆ ಅಂದರೆ ನಮಗೆ ತಟ್ಟನೆ ನೆನಪಾಗುವುದು ಸಬ್ಸಿಡಿ. ಆದರೆ ಒಂದು ಅಡ್ಡಿ ತೆಗೆಯುವುದು, ಒಂದು ಸಂಶೋಧನಾ ಕೇಂದ್ರ ನಡೆಸುವುದು, ಸಾಲಕ್ಕೆ ಖಾತರಿ ನಿಲ್ಲುವುದು, ಸಣ್ಣವರಿಂದ ಮಾಲು ಕೊಳ್ಳಲೇಬೇಕು ಅಂತ ಕಾನೂನು ಮಾಡುವುದು, ಇವೂ ಸಹಾಯವೇ. ಎಷ್ಟೋ ಸಲ ಸಬ್ಸಿಡಿಗಿಂತ ದೊಡ್ಡ ಸಹಾಯ. ಕಂಪನಿಗಳ ಕಡೆಯಿಂದಲೂ ಹೀಗೆ ಹಲವು ದಾರಿಗಳಿವೆ. ಹಾಸನ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಏನಾದರೂ ಶುರು ಮಾಡಬೇಕು ಅಂತ ಯೋಚಿಸುತ್ತಿರುವವರು ಇವನ್ನೆಲ್ಲ ಯಾವ ಕ್ರಮದಲ್ಲಿ ಬಳಸಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕ್ರಮ ತಪ್ಪಿದರೆ ಒಳ್ಳೆಯ ಯೋಜನೆಯೂ ಸಾಲದ ಹೊರೆಯಾಗುತ್ತದೆ.

ಹೆಜ್ಜೆ 1: ನೀವು ಯಾವ ಸಾಲಿನಲ್ಲಿ ನಿಲ್ಲಬೇಕು?

ಎರಡು ಬೇರೆ ಬೇರೆ ಸಾಲುಗಳಿವೆ. ಒಂದು, ಗೊತ್ತಿರುವ ಕೆಲಸವನ್ನು ಚೆನ್ನಾಗಿ ಮಾಡುವ ಸಣ್ಣ ಉದ್ಯಮ. ಕಾಫಿ ಪುಡಿ, ಏಲಕ್ಕಿ ಮತ್ತು ಕಾಳುಮೆಣಸಿನ ಪ್ಯಾಕಿಂಗ್, ಅರಸೀಕೆರೆ ಕಡೆಯ ಕೊಬ್ಬರಿ ಎಣ್ಣೆ, ಆಲೂಗಡ್ಡೆ ಚಿಪ್ಸ್, ಶುಂಠಿ ಪುಡಿ, ಹೋಂಸ್ಟೇ. ಇನ್ನೊಂದು, ಇದುವರೆಗೆ ಇಲ್ಲದ ಪರಿಹಾರವನ್ನು ಕಂಡುಹಿಡಿದು ನೂರಾರು ಊರುಗಳಿಗೆ ಮುಟ್ಟಿಸುವ ಸ್ಟಾರ್ಟಪ್. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಬಿದ್ದದ್ದನ್ನು ಬೇಗ ಪತ್ತೆ ಹಚ್ಚುವ ಸಾಧನ, ಕಣದಲ್ಲಿ ಒಣಗುತ್ತಿರುವ ಕಾಫಿಯ ತೇವಾಂಶ ಅಳೆದು ಮೊಬೈಲಿಗೆ ತಿಳಿಸುವ ಯಂತ್ರ, ಇಂಥವು.

ಮೊದಲನೆಯದಕ್ಕೆ ಬಾಗಿಲು ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಬ್ಯಾಂಕ್. ಎರಡನೆಯದಕ್ಕೆ ಇನ್‌ಕ್ಯುಬೇಟರ್ (ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಕೇಂದ್ರ) ಮತ್ತು ರಾಜ್ಯದ ಸ್ಟಾರ್ಟಪ್ ವಿಭಾಗ. ನಮ್ಮ ಎರಡು ಜಿಲ್ಲೆಗಳಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಬೇಕಿರುವುದು ಮೊದಲ ಸಾಲು ಅನ್ನುವುದು ನನ್ನ ಅಂದಾಜು. ಅದರಲ್ಲಿ ಕೀಳು ಏನೂ ಇಲ್ಲ. ನಾಲ್ಕು ಜನಕ್ಕೆ ಊರಿನಲ್ಲೇ ಕೆಲಸ ಕೊಡುವ ಘಟಕ ಕಟ್ಟುವುದು ದೊಡ್ಡ ಸಾಧನೆ. ಆದರೆ ಕಾಫಿ ಪುಡಿ ಘಟಕಕ್ಕೆ ಸ್ಟಾರ್ಟಪ್ ಅನುದಾನ ಕೇಳಿಕೊಂಡು ಬೆಂಗಳೂರಿಗೆ ಅಲೆದರೆ ವರ್ಷ ಕಳೆಯುತ್ತದೆ ಅಷ್ಟೇ.

ಹೆಜ್ಜೆ 2: ಯಂತ್ರಕ್ಕೆ ಮೊದಲು ಗಿರಾಕಿ

ಈ ಹೆಜ್ಜೆಗೆ ಬೇರೆಲ್ಲದಕ್ಕಿಂತ ಜಾಸ್ತಿ ಸಮಯ ಕೊಡಿ.

ಮೂಡಿಗೆರೆ ಕಡೆಯ ಒಬ್ಬ ಹೆಣ್ಣುಮಗಳು ಮನೆಯ ತೋಟದ ರೋಬಸ್ಟಾವನ್ನು ಪುಡಿ ಮಾಡಿ ಮಾರಬೇಕು ಅಂದುಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ರೋಸ್ಟರ್, ಗ್ರೈಂಡರ್, ಪ್ಯಾಕಿಂಗ್ ಯಂತ್ರ ಎಲ್ಲ ಸೇರಿ 20 ಲಕ್ಷದ ಯೋಜನೆ. ಮೊದಲ ದಿನವೇ ಅವರು ಈ 20 ಲಕ್ಷಕ್ಕೆ ಕೈ ಹಾಕಬಾರದು. ಜಾಬ್ ವರ್ಕ್ ಮೇಲೆ ಹುರಿದು, ಪುಡಿ ಮಾಡಿ ಕೊಡುವವರು ಪೇಟೆಯಲ್ಲಿ ಸಿಗುತ್ತಾರೆ. ಒಂದು ಮೂಟೆ ಕೊಟ್ಟು ಮಾಡಿಸಿ. ಕಾಲು ಕೆಜಿ ಪೊಟ್ಟಣ ಕಟ್ಟಿ. ನೆಂಟರಿಗೆ ಸುಮ್ನೆ ಹಂಚಬೇಡಿ, ದುಡ್ಡಿಗೆ ಮಾರಿ. ನೆಂಟರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಗುರುತಿಲ್ಲದವರು ಎರಡನೇ ಸಲ ಕೇಳಿಕೊಂಡು ಬರುತ್ತಾರಾ ಅನ್ನುವುದನ್ನು ನೋಡಿ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನವರು, ಹೋಂಸ್ಟೇ ನಡೆಸುವವರು, ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂತೆಗಳು, ಈ ಮೂರು ಬಗೆಯ ಗಿರಾಕಿಗಳ ರುಚಿಯೇ ಬೇರೆ. ಹೋಟೆಲಿಗೆ ಡಿಕಾಕ್ಷನ್ ಗಟ್ಟಿ ಬೇಕು, ಚಿಕೋರಿ ಇರಬೇಕು. ಚಿಕೋರಿ ಬೆರೆಸಿದರೆ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಮತ್ತು ಎಷ್ಟು ಬೆರೆಸಿದ್ದೀರಿ ಅಂತ ಪೊಟ್ಟಣದ ಮೇಲೆ ಹಾಕಲೇಬೇಕು. ಬೆಂಗಳೂರಿನ ಎಳೆಯರಿಗೆ ಚಿಕೋರಿ ಬೇಡ, ಯಾವ ತೋಟದ ಕಾಫಿ ಅನ್ನುವುದು ಬೇಕು.

ಇನ್ನು ಲೆಕ್ಕ. 50 ಕೆಜಿಯ ಒಂದು ಮೂಟೆ ರೋಬಸ್ಟಾ ಚೆರ್ರಿಯಿಂದ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಸಿಗುವ ಬೀಜ 26 ಕೆಜಿ ಆಸುಪಾಸು. ಬೆಳೆಗಾರರು ಓಟಿ ಅನ್ನುವುದು ಇದನ್ನೇ. ಹುರಿದಾಗ ಮತ್ತೆ ಶೇ. 15ರಿಂದ 20 ತೂಕ ಹೋಗುತ್ತದೆ. ಕೊನೆಗೆ ಕೈಗೆ ಬರುವ ಪುಡಿ 21–22 ಕೆಜಿ. ಲೆಕ್ಕಕ್ಕೆ ಮೂಟೆಗೆ 10,000 ರೂಪಾಯಿ ಅಂತ ಹಿಡಿಯಿರಿ. ಕೆಜಿಗೆ 200 ರೂಪಾಯಿಯ ಮಾಲು ಅಂತ ಕಾಣುತ್ತದೆ. ಪುಡಿಯ ಲೆಕ್ಕದಲ್ಲಿ ಅದು 465 ರೂಪಾಯಿ ಆಸುಪಾಸು ಆಗುತ್ತದೆ. ಇದರ ಮೇಲೆ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಬಿಡಿಸುವುದು), ಹುರಿಯುವ ಕೂಲಿ, ಪೊಟ್ಟಣ, ಸಾಗಣೆ, ಅಂಗಡಿಯವರ ಕಮಿಷನ್. ತೋಟ ನಮ್ಮದೇ ಅಲ್ವಾ ಅಂತ ಬೀಜದ ಬೆಲೆಯನ್ನು ಬಿಟ್ಟು ಲೆಕ್ಕ ಹಾಕಬೇಡಿ. ಆ ಮೂಟೆಯನ್ನು ಹಾಗೇ ಮಾರಿದ್ದರೆ ಆ ದುಡ್ಡು ನಿಮಗೆ ಬರುತ್ತಿತ್ತು. ಪುಡಿ ಮಾಡಿದ್ದರಿಂದ ಅದಕ್ಕಿಂತ ಎಷ್ಟು ಜಾಸ್ತಿ ಉಳಿಯಿತು ಅನ್ನುವುದೇ ನಿಮ್ಮ ಲಾಭ.

ಈ ಲೆಕ್ಕ ಮತ್ತು ಮಾರಿದ ಬಿಲ್ಲುಗಳನ್ನು ಜೋಪಾನವಾಗಿಡಿ. ಮುಂದೆ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತಾಗ, ಆಡಿಟರ್ ಬರೆದುಕೊಟ್ಟ ದಪ್ಪ ಪ್ರಾಜೆಕ್ಟ್ ರಿಪೋರ್ಟಿಗಿಂತ ಇವು ಜಾಸ್ತಿ ಮಾತಾಡುತ್ತವೆ.

ಹೆಜ್ಜೆ 3: ಕಲಿಯುವ ಜಾಗಗಳು ಹತ್ತಿರದಲ್ಲೇ ಇವೆ

ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಈಗ ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನಮ್ಮ ಅರೇಬಿಕಾ ತೋಟಗಳಲ್ಲಿ ಕಾಣುವ ಎಸ್. 795 ತಳಿ, 2007ರಲ್ಲಿ ಬಂದ ಚಂದ್ರಗಿರಿ, ಎರಡೂ ಅಲ್ಲಿಯವೇ. ಒಬ್ಬ ಬೆಳೆಗಾರ ತಾನೇ ಕೂತು ಹತ್ತಾರು ವರ್ಷ ತಳಿ ಪ್ರಯೋಗ ಮಾಡಲು ಆಗುವುದಿಲ್ಲ. ಅದನ್ನು ಸರ್ಕಾರ ಮಾಡಿಕೊಟ್ಟಿತು, ಲಾಭ ತೋಟಗಳಿಗೆ ಬಂತು. ಹೊಸತನಕ್ಕೆ ಸರ್ಕಾರ ಕೊಡಬಹುದಾದ ಬೆಂಬಲದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದು. ಇದೇ ಸಂಸ್ಥೆಯ ಆಶ್ರಯದಲ್ಲಿ ಕಾಫಿ ಉದ್ಯಮಿಗಳಿಗಾಗಿ ಅಟಲ್ ಇನ್‌ಕ್ಯುಬೇಶನ್ ಕೇಂದ್ರವೂ ಇದೆ. ಹುರಿಯುವುದು, ರುಚಿ ನೋಡುವುದನ್ನು ಕಲಿಯಲು ಕಾಫಿ ಬೋರ್ಡ್ ಬೆಂಗಳೂರಿನಲ್ಲಿ ಕಾಪಿ ಶಾಸ್ತ್ರ ಅನ್ನುವ ತರಬೇತಿ ನಡೆಸುತ್ತದೆ.

ಏಲಕ್ಕಿಯವರಿಗೆ ಸಕಲೇಶಪುರದ ದೋಣಿಗಾಲ್‌ನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ. ಬೇರೆ ಬೆಳೆಗಳಿಗೆ ಹಾಸನದ ಕಂದಲಿ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳು. ಆಹಾರ ಪದಾರ್ಥ ಕೆಡದಂತೆ ಇಡುವುದು, ಪ್ಯಾಕಿಂಗ್, ಯಂತ್ರದ ಆಯ್ಕೆ, ಇವುಗಳಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ. ಶುಲ್ಕ ತೆಗೆದುಕೊಂಡು ತಮ್ಮ ತಂತ್ರಜ್ಞಾನವನ್ನೇ ಅವರು ಬಿಟ್ಟುಕೊಡುತ್ತಾರೆ.

ವ್ಯವಹಾರದ ತರಬೇತಿ ಬೇಕಿದ್ದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ. ಜನ ಇದನ್ನು ಆರ್‌ಸೆಟಿ ಅನ್ನುತ್ತಾರೆ. ಊಟ, ವಸತಿ ಸಮೇತ ಉಚಿತ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ ರುಡ್‌ಸೆಟ್ ಮಾದರಿಯೇ ಆಮೇಲೆ ದೇಶಕ್ಕೆಲ್ಲ ಹರಡಿದ್ದು.

ಹೆಜ್ಜೆ 4: ಕಾಗದ ಪತ್ರ

ಉದ್ಯಮ್ ನೋಂದಣಿ, ಅಂದರೆ ಕೇಂದ್ರ ಸರ್ಕಾರದಲ್ಲಿ ಸಣ್ಣ ಉದ್ಯಮ ಅಂತ ಹೆಸರು ಬರೆಸುವುದು, ಮೊದಲು. ಆಧಾರ್ ಮೇಲೆ ಆನ್‌ಲೈನ್‌ನಲ್ಲಿ ಆಗುತ್ತದೆ, ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ತಿನ್ನುವ, ಕುಡಿಯುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ ನೋಂದಣಿ ಅಥವಾ ಲೈಸೆನ್ಸ್. ಊರಿನ ಪಂಚಾಯಿತಿ ಲೈಸೆನ್ಸ್. ಶೆಡ್ ಕಟ್ಟುವ ಜಾಗ ಕೃಷಿ ಜಮೀನಾದರೆ ಪರಿವರ್ತನೆಯ ವಿಷಯವನ್ನು ಮೊದಲೇ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಗೋಡೆ ಎದ್ದ ಮೇಲೆ ಕೇಳಿದರೆ ಕಷ್ಟ.

ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಹಾಕಿ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪನಿಗೆ ಇದರ ಎರಡರಷ್ಟು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ (ಇಂಥ ಪ್ರದೇಶದ್ದೇ ಅಂತ ಹೇಳುವ ಜಿಐ ಗುರುತು) ಸಿಕ್ಕಿದೆ. ಆ ಗುರುತನ್ನು ಪೊಟ್ಟಣದ ಮೇಲೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು.

ಕರೆಂಟು ಮರೆಯಬೇಡಿ. ಯಂತ್ರಕ್ಕೆ ತ್ರೀ ಫೇಸ್ ಬೇಕಾದರೆ ಹಾಸನದವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂನಲ್ಲಿ ಅರ್ಜಿ ಹಾಕಬೇಕು. ಟ್ರಾನ್ಸ್‌ಫಾರ್ಮರ್ ದೂರ ಇದ್ದರೆ ಕಂಬ, ತಂತಿಯ ಖರ್ಚನ್ನೂ ಯೋಜನೆಯ ಮೊತ್ತಕ್ಕೆ ಸೇರಿಸಿ.

ಹೆಜ್ಜೆ 5: ಹಣ

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಬೇಕು. ಸಬ್ಸಿಡಿ ಬರುವುದು ಸಾಲದ ಬೆನ್ನಿಗೆ. ಬ್ಯಾಂಕ್ ಸಾಲ ಮಂಜೂರು ಮಾಡದಿದ್ದರೆ ಸಬ್ಸಿಡಿಯೂ ಇಲ್ಲ. ಬಂದ ಸಬ್ಸಿಡಿಯೂ ಕೈಗೆ ಸಿಗುವುದಿಲ್ಲ, ಬ್ಯಾಂಕಿನಲ್ಲೇ ಮೂರು ವರ್ಷ ಕೂರುತ್ತದೆ.

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ, ಮುಖ್ಯವಾಗಿ ಹೊಸ ಘಟಕಗಳಿಗೆ. 2026ರ ಮಾರ್ಚ್‌ವರೆಗಿನ ಅವಧಿಗೆ ಹೊರಡಿಸಿದ ನಿಯಮದ ಪ್ರಕಾರ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ಸಬ್ಸಿಡಿ ಸಿಗುತ್ತದೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 25. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೆ ಶೇ. 35. ಪಟ್ಟಣದಲ್ಲಾದರೆ ಇದು ಶೇ. 15 ಮತ್ತು 25. ಕಾಫಿ ಬೆಳೆಯುವುದಕ್ಕೆ ಈ ಯೋಜನೆ ಇಲ್ಲ, ಬೆಳೆದ ಕಾಫಿಗೆ ಮೌಲ್ಯ ಸೇರಿಸುವುದಕ್ಕೆ ಇದೆ. 10 ಲಕ್ಷ ಮೀರಿದ ತಯಾರಿಕಾ ಘಟಕಕ್ಕೆ ಎಂಟನೇ ತರಗತಿ ಪಾಸಾಗಿರಬೇಕು.

ನಮ್ಮ ಮೂಡಿಗೆರೆಯ ಹೆಣ್ಣುಮಗಳ 20 ಲಕ್ಷದ ಲೆಕ್ಕಕ್ಕೆ ಬರೋಣ. ಅವರ ಕೈಯಿಂದ ಶೇ. 5, ಅಂದರೆ 1 ಲಕ್ಷ. ಬ್ಯಾಂಕ್ ಸಾಲ 19 ಲಕ್ಷ. ಸಬ್ಸಿಡಿ 7 ಲಕ್ಷ. ಈ 7 ಲಕ್ಷ ಮೂರು ವರ್ಷ ಠೇವಣಿಯಾಗಿರುತ್ತದೆ. ಆ ಠೇವಣಿಗೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದೂ ಇಲ್ಲ. ಮೂರು ವರ್ಷ ಘಟಕ ಸರಿಯಾಗಿ ನಡೆದರೆ ಅದು ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಬಾಗಿಲು ಹಾಕಿದರೆ ಸಬ್ಸಿಡಿ ಹೋಗುತ್ತದೆ, ಸಾಲ ಉಳಿಯುತ್ತದೆ. ಅದಕ್ಕೇ ಎರಡನೇ ಹೆಜ್ಜೆಯಲ್ಲಿ ಅಷ್ಟು ಹೊತ್ತು ನಿಲ್ಲಿಸಿದ್ದು.

ಆಹಾರ ಸಂಸ್ಕರಣೆಯಾದರೆ ಇನ್ನೊಂದು ದಾರಿ ಇದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಅಂದರೆ ಪಿಎಂಎಫ್‌ಎಂಇ. ಇದರಲ್ಲಿ ಕೇಂದ್ರದ ಸಬ್ಸಿಡಿ ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಇದರ ಮೇಲೆ ಶೇ. 15 ಸೇರಿಸಿತು, ಗರಿಷ್ಠ 5 ಲಕ್ಷ. ಅಂದರೆ ಅದೇ 20 ಲಕ್ಷದ ಘಟಕಕ್ಕೆ 10 ಲಕ್ಷ. ಆದರೆ ಕೈಯಿಂದ ಹಾಕುವುದು ಕನಿಷ್ಠ ಶೇ. 10, ಅಂದರೆ 2 ಲಕ್ಷ. ಈಗಾಗಲೇ ನಡೆಯುತ್ತಿರುವ ಘಟಕ ದೊಡ್ಡದು ಮಾಡುವವರಿಗೂ ಇದು ಸಿಗುತ್ತದೆ. ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಚಿಕ್ಕಮಗಳೂರಿಗೆ ಸಾಂಬಾರ ಪದಾರ್ಥ, ಹಾಸನಕ್ಕೆ ತೆಂಗು ಇದೆ. ಹಾಗಂತ ಬೇರೆ ಪದಾರ್ಥದವರು ಹಿಂದೆ ಸರಿಯಬೇಕಿಲ್ಲ, ಅವರೂ ಅರ್ಜಿ ಹಾಕಬಹುದು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವೂ ಉಂಟು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಅಂದರೆ ಕೆಪೆಕ್. ಅರ್ಜಿ ತುಂಬಲು, ಬ್ಯಾಂಕಿಗೆ ಓಡಾಡಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದ್ದಾರೆ. ಅವರಿಗೆ ಸರ್ಕಾರವೇ ಹಣ ಕೊಡುತ್ತದೆ. ಆದ್ದರಿಂದ ಕಮಿಷನ್ ಕೇಳುವ ಮಧ್ಯವರ್ತಿಯ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಒಂದೇ ಘಟಕಕ್ಕೆ ಎರಡೂ ಸಬ್ಸಿಡಿ ತೆಗೆದುಕೊಳ್ಳುವ ಹಾಗಿಲ್ಲ, ಒಂದನ್ನು ಆರಿಸಿಕೊಳ್ಳಿ. ಕೈಯಲ್ಲಿ ಬಂಡವಾಳ ಕಡಿಮೆ ಇರುವ ಹೊಸಬರಿಗೆ ಪಿಎಂಇಜಿಪಿ, ಸ್ವಲ್ಪ ದುಡ್ಡಿದ್ದು ಆಹಾರ ಘಟಕ ಮಾಡುವವರಿಗೆ ಪಿಎಂಎಫ್‌ಎಂಇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅವಧಿ ಮತ್ತು ಮಿತಿಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಚಾಲ್ತಿಯಲ್ಲಿರುವ ಸುತ್ತೋಲೆ ಕೇಳಿ ಓದಿ.

ಸಣ್ಣ ಮೊತ್ತ ಸಾಕಾದರೆ ಮುದ್ರಾ ಸಾಲ ನೋಡಿ. ಸಣ್ಣ ಉದ್ಯಮಗಳಿಗೆ ಒಂದು ಮಿತಿಯವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ. ಅದಕ್ಕಿಂತ ಹೆಚ್ಚಾದರೆ ಕೇಂದ್ರದ ಸಾಲ ಖಾತರಿ ನಿಧಿ ಇದೆ, ತೋಟದ ಪತ್ರ ಕೊಡುವ ಮುಂಚೆ ಅದರ ಬಗ್ಗೆ ಕೇಳಿ. ಶಾಖೆಯಲ್ಲಿ ಕೆಲಸ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಅವರನ್ನು ಕಾಣಿ. ಅರ್ಜಿ ಯಾಕೆ ತಿರಸ್ಕಾರವಾಯಿತು ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಹೆಜ್ಜೆ 6: ನಿಮ್ಮದು ನಿಜವಾಗಿ ಹೊಸ ತಂತ್ರಜ್ಞಾನವಾದರೆ

ಆಗ ಸಾಲದಿಂದ ಶುರು ಮಾಡಬೇಡಿ. ಪ್ರಯೋಗ ಸೋಲುವ ಸಾಧ್ಯತೆ ಇರುವಲ್ಲಿ ಬಡ್ಡಿ ಕಟ್ಟುವ ಹಣ ಸರಿಹೋಗುವುದಿಲ್ಲ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ 2017ರಿಂದ ಇದೆ. ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ. ವಾಪಸ್ ಕೊಡಬೇಕಿಲ್ಲ, ಕಂಪನಿಯ ಪಾಲನ್ನೂ ಕೇಳುವುದಿಲ್ಲ. ಕಂಪನಿ ಕರ್ನಾಟಕದಲ್ಲಿ ನೋಂದಾಯಿತವಾಗಿರಬೇಕು, ತೀರ್ಪುಗಾರರ ಮುಂದೆ ನಿಮ್ಮ ಯೋಚನೆಯನ್ನು ಮಂಡಿಸಬೇಕು. ಕೇಂದ್ರದ ಸ್ಟಾರ್ಟಪ್ ಇಂಡಿಯಾ 2016ರ ಜನವರಿಯಲ್ಲಿ ಶುರುವಾಯಿತು. ಅದರ ಮಾನ್ಯತೆ ಸಿಕ್ಕರೆ ಪೇಟೆಂಟ್ ಶುಲ್ಕದಲ್ಲಿ ಶೇ. 80 ರಿಯಾಯಿತಿ.

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಮಾತು. ತೋಟದ ಸಮಸ್ಯೆ ತೋಟದಲ್ಲೇ ನೋಡಿ. ಮಳೆಗಾಲದಲ್ಲಿ ಸಿಗ್ನಲ್ ಇರುವುದಿಲ್ಲ, ಕರೆಂಟು ದಿನಗಟ್ಟಲೆ ಹೋಗುತ್ತದೆ, ಕೆಲಸ ಮಾಡುವವರ ಕೈ ಒದ್ದೆಯಾಗಿರುತ್ತದೆ. ಅಲ್ಲಿ ಒಂದು ಜೂನ್, ಒಂದು ಜುಲೈ ತಡೆದುಕೊಂಡ ಯಂತ್ರ ತೀರ್ಪುಗಾರರ ಮುಂದೆ ತಾನೇ ನಿಲ್ಲುತ್ತದೆ.

ಹೆಜ್ಜೆ 7: ಕಂಪನಿಗಳಿಂದ ಏನು ಪಡೆಯಬಹುದು?

ಕಂಪನಿ ಕೊಡಬಹುದಾದ ಅತಿ ದೊಡ್ಡ ಸಹಾಯ ಒಂದು ಪರ್ಚೇಸ್ ಆರ್ಡರ್. ಪ್ರಶಸ್ತಿ, ಸ್ಪರ್ಧೆ, ಫೋಟೋ ಎಲ್ಲ ಆಮೇಲೆ. ದೊಡ್ಡವರ ಹತ್ತಿರ ಹೋದಾಗ ಹೂಡಿಕೆ ಕೇಳುವ ಬದಲು, ಒಂದು ಕ್ಯಾಂಟೀನಿಗೆ ಮೂರು ತಿಂಗಳು ನಮ್ಮ ಪುಡಿ ಹಾಕಿ ನೋಡಿ, ಒಂದು ಎಸ್ಟೇಟಿನಲ್ಲಿ ನಮ್ಮ ಯಂತ್ರ ಇಟ್ಟು ನೋಡಿ ಅಂತ ಕೇಳಿ.

ಆರ್ಡರ್ ಸಿಕ್ಕ ಮೇಲೆ ಬರುವ ಕಷ್ಟ ಅಂದರೆ ದುಡ್ಡು ತಡವಾಗುವುದು. ಸಣ್ಣ ಘಟಕಗಳು ಮುಚ್ಚುವುದು ಮಾಲು ಮಾರದೆ ಮಾತ್ರವಲ್ಲ, ಮಾರಿದ್ದಕ್ಕೆ ಹಣ ಬಾರದೆಯೂ ಮುಚ್ಚುತ್ತವೆ. ಇದಕ್ಕೆ 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ನಿಮ್ಮ ಬೆನ್ನಿಗಿದೆ. ಬರವಣಿಗೆಯಲ್ಲಿ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಂಡವರು ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂದಿದೆ. ಗಡುವು ಮೀರಿದ ಬಾಕಿಯನ್ನು ನಿಜವಾಗಿ ಕೊಡುವ ತನಕ ಕೊಂಡ ಕಂಪನಿ ಅದನ್ನು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಈ ರಕ್ಷಣೆ ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗಲ್ಲ. ಆದ್ದರಿಂದ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸಿ. ಹಣ ಬಾರದಿದ್ದರೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಸರ್ಕಾರವೂ ಒಬ್ಬ ಗಿರಾಕಿ. ಕೇಂದ್ರ ಸರ್ಕಾರದ ಇಲಾಖೆಗಳು, ಸಂಸ್ಥೆಗಳು ತಮ್ಮ ಖರೀದಿಯಲ್ಲಿ ಶೇ. 25ನ್ನು ಕಿರು, ಸಣ್ಣ ಉದ್ಯಮಗಳಿಂದ ತೆಗೆದುಕೊಳ್ಳಬೇಕು. ಅದರೊಳಗೆ ಶೇ. 3 ಮಹಿಳಾ ಉದ್ಯಮಿಗಳಿಗೆ, ಶೇ. 4 ಪರಿಶಿಷ್ಟ ಜಾತಿ, ಪಂಗಡದವರಿಗೆ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಅಲ್ಲಿಗೆ ದಾರಿ.

ಇನ್ನು ಸಿಎಸ್‌ಆರ್. ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುವುದು 2013ರ ಕಂಪನಿ ಕಾಯ್ದೆಯ ನಿಯಮ. ಇದು ನಿಮ್ಮ ಖಾಸಗಿ ಘಟಕಕ್ಕೆ ನೇರವಾಗಿ ಬರುವ ಹಣವಲ್ಲ. ಸರ್ಕಾರದ ಅನುದಾನ ಪಡೆಯುವ ಇನ್‌ಕ್ಯುಬೇಟರ್‌ಗಳಿಗೆ ಕೊಡಬಹುದು, ನಿಮಗೆ ಅವುಗಳ ಮೂಲಕ ಮುಟ್ಟುತ್ತದೆ. ನೇರವಾಗಿ ಕೇಳಿ ಸಮಯ ಕಳೆಯಬೇಡಿ.

ಹೆಜ್ಜೆ 8: ಯಾವಾಗ ಶುರು?

ಕಾಫಿಯವರಾದರೆ ಕೊಯ್ಲಿನಿಂದ ಹಿಂದಕ್ಕೆ ಎಣಿಸಿ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಆ ತಿಂಗಳುಗಳಲ್ಲಿ ನಿಮಗೆ ಬ್ಯಾಂಕಿಗೆ ಓಡಾಡಲು ಪುರುಸೊತ್ತು ಇರುವುದಿಲ್ಲ, ಕೂಲಿ ಕೊಡಲೇ ಹಣ ಬೇಕು. ಜಾಬ್ ವರ್ಕ್ ಪ್ರಯೋಗವನ್ನು ಕೊಯ್ಲು ಮುಗಿದ ಮೇಲೆ ಏಪ್ರಿಲ್, ಮೇನಲ್ಲಿ ಮಾಡಿ. ಮಳೆಗಾಲದಲ್ಲಿ ತರಬೇತಿ, ನೋಂದಣಿ, ಅರ್ಜಿ. ಬ್ಯಾಂಕ್ ತಿಂಗಳುಗಟ್ಟಲೆ ತೆಗೆದುಕೊಳ್ಳಬಹುದು, ಯಂತ್ರ ಬರಲು ಮತ್ತೂ ಸಮಯ. ಮಂಜೂರಾತಿ ಪತ್ರ ಕೈಗೆ ಬರುವ ತನಕ ಯಂತ್ರಕ್ಕೆ ಅಡ್ವಾನ್ಸ್ ಕೊಡಬೇಡಿ. ಮಂಜೂರಾತಿಗೆ ಮುಂಚೆ ಕೊಂಡದ್ದಕ್ಕೆ ಸಬ್ಸಿಡಿ ಸಿಗದೇ ಹೋಗಬಹುದು. ಈ ಕೊಯ್ಲಿಗೆ ಯಂತ್ರ ಬರಲಿಲ್ಲ ಅಂದರೆ ಗಾಬರಿ ಬೇಡ. ಇನ್ನೊಂದು ವರ್ಷ ಜಾಬ್ ವರ್ಕ್‌ನಲ್ಲೇ ನಡೆಸಿ, ಗಿರಾಕಿಗಳನ್ನು ಹೆಚ್ಚಿಸಿಕೊಳ್ಳಿ, ಬಿಲ್ಲುಗಳನ್ನು ಕೂಡಿಡಿ.